ಬಾಯಿ ಬಿಡಿಸಿದ ಜಪಾನಿ ಹಾಡು

‘ಮುಂದಿನ ಶನಿವಾರ ಎಲ್ಲರೂ ಒಂದೊಂದು ಜಪಾನಿ ಹಾಡು ಹಾಡಬೇಕು. ಕರೋಕೆ!’

ಸಂಜೆಯ ಜಪಾನಿ ತರಗತಿಯಲ್ಲಿ ಮೇಡಂ ಹೀಗೆಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಹೊಟ್ಟೆಯೊಳಗೆ ಕಸಿವಿಸಿ.

ಕಾರಣ ಹಳೆಯದು. ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಪಾಠ ಜೋರಾಗಿ ಓದುವಾಗ ‘ಕರ್ನಲ್’ ಎಂಬ ಪದವನ್ನು ಬರೆದಂತೆಯೇ ‘ಕೊಲೊನೆಲ್’ ಎಂದು ಓದಿದ್ದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅಂದು ಮುಚ್ಚಿದ ಬಾಯಿ ಬಿ.ಇ. ಆರನೇ ಸೆಮಿಸ್ಟರ್‌ಗೆ ಬಂದರೂ ಸರಿಯಾಗಿ ತೆರೆದಿರಲಿಲ್ಲ. ಪ್ಲೇಸ್‌ಮೆಂಟ್ ತರಬೇತಿಯ ಗ್ರೂಪ್ ಡಿಸ್ಕಷನ್‌ನಲ್ಲಿ ಸುಮ್ಮನೆ ತಲೆಯಾಡಿಸುವ ಹುಡುಗ ನಾನೇ. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಾಗಲಿ ಎಂದು ಜಪಾನಿಗೆ ಸೇರಿ, ಜೆಎಲ್‌ಪಿಟಿ ಎನ್5 ಪಾಸು ಮಾಡಿದೆ. ಆ ಪರೀಕ್ಷೆಯಲ್ಲಿ ಪದ, ವ್ಯಾಕರಣ, ಓದು, ಆಲಿಸುವಿಕೆ ಇವೆ. ಮಾತನಾಡುವ ಭಾಗವೇ ಇಲ್ಲ! ಹಾಗಾಗಿ ಬಾಯಿ ಬಿಡದೆಯೇ ಒಂದು ಭಾಷೆಯಲ್ಲಿ ಪಾಸಾದೆ.

ಅನಿಮೆ ಹುಚ್ಚಿನಿಂದ ಮೊದಲು ಆರಿಸಿಕೊಂಡದ್ದು 2016ರ ‘ಕಿಮಿ ನೊ ನಾ ವಾ’ ಚಿತ್ರದ ‘ಝೆನ್‌ಝೆನ್‌ಝೆನ್ಸೆ’. ರ‍್ಯಾಡ್‌ವಿಂಪ್ಸ್ ತಂಡದ ಆ ಹಾಡಿನ ವೇಗಕ್ಕೆ ನನ್ನ ನಾಲಿಗೆ ಎಡವಿ ಬಿತ್ತು. ‘ಏನೋ ಇದು, ಮಂತ್ರ ಹಾಕ್ತಿದ್ದೀಯಾ?’ ಎಂದ ರೂಮ್‌ಮೇಟ್. ಮೇಡಂ ಬಳಿ ಹೋಗಿ, ‘ನನ್ನ ಕೈಲಾಗಲ್ಲ’ ಎಂದೆ. ಅವರು ನಕ್ಕರು. ‘ಕರೋಕೆ ಹುಟ್ಟಿದ್ದೇ ಗಾಯಕರಲ್ಲದವರಿಗಾಗಿ ಕಣಪ್ಪ. ಸುಲಭದ್ದನ್ನು ಆರಿಸಿಕೋ’ ಎಂದರು.

ಆ ರಾತ್ರಿ ಕರೋಕೆಯ ಕತೆ ಹುಡುಕಿ ಓದಿದೆ. ‘ಕರ’ ಎಂದರೆ ಖಾಲಿ, ‘ಓಕೆ’ ಎಂದರೆ ಆರ್ಕೆಸ್ಟ್ರಾ ಪದದ ಮೊಟಕು ರೂಪ. ಕೋಬೆ ನಗರದ ಬಾರ್‌ಗಳಲ್ಲಿ ಗ್ರಾಹಕರು ಹಾಡುವಾಗ ವಾದ್ಯ ನುಡಿಸುತ್ತಿದ್ದವರು ಇನೊಉಎ ದಾಯ್ಸುಕೆ. ಕಂಪನಿಯೊಂದರ ಮಾಲೀಕರು ತಮ್ಮೊಡನೆ ಪ್ರವಾಸಕ್ಕೆ ಕರೆದಾಗ ಹೋಗಲಾಗದೆ, ಹಿನ್ನೆಲೆ ಸಂಗೀತವನ್ನು ಟೇಪ್‌ನಲ್ಲಿ ತುಂಬಿಸಿ ಕೊಟ್ಟರಂತೆ. ಅದೇ ಐಡಿಯಾ ಬೆಳೆದು 1971ರಲ್ಲಿ ನಾಣ್ಯ ಹಾಕಿದರೆ ಹಿಮ್ಮೇಳ ನುಡಿಸುವ ಯಂತ್ರವಾಯಿತು. ಮೊದಲಿಗೆ 11 ಯಂತ್ರ ಮಾಡಿ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಹೊಸ ದಾರಿ ತೋರಿಸಿದ್ದಕ್ಕೆ 2004ರಲ್ಲಿ ಅವರಿಗೆ ‘ಇಗ್ ನೊಬೆಲ್’ ಶಾಂತಿ ಪ್ರಶಸ್ತಿ ಬಂತು. ತಮಾಷೆಯ ಪ್ರಶಸ್ತಿಯೇ ಇರಬಹುದು. ನನಗಂತೂ ಅದು ನಿಜವೆನಿಸಿತು.

ಸುಲಭದ ಹಾಡು ಹುಡುಕಲು ಮೂರು ಲೆಕ್ಕ ಇಟ್ಟುಕೊಂಡೆ. ಲಯ ನಿಧಾನವಾಗಿರಬೇಕು, ಪಲ್ಲವಿ ಮತ್ತೆ ಮತ್ತೆ ಬರಬೇಕು, ಸ್ವರ ತೀರಾ ಮೇಲೆ ಏರಬಾರದು. ಜಪಾನಿಯಲ್ಲಿ ಹರೆಯಕ್ಕೆ ‘ಸೇಷುನ್’ ಎನ್ನುತ್ತಾರೆ. ಅಕ್ಷರಶಃ ಅರ್ಥ ‘ನೀಲಿ ವಸಂತ’. ಅಲ್ಲಿ ಶಾಲಾ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ. ಹಾಗಾಗಿ ಹರೆಯದ ಹಾಡುಗಳಲ್ಲಿ ವಸಂತದ ಜೊತೆಗೇ ವಿದಾಯವೂ ಬರುತ್ತದೆ.

ಮೊದಲು ಸಿಕ್ಕಿದ್ದು 1961ರ ‘ಉಎ ಒ ಮುಯಿತೆ ಅರುಕೋ’, ಅಂದರೆ ಮೇಲೆ ನೋಡುತ್ತಾ ನಡೆಯೋಣ. ಸಕಮೊತೊ ಕ್ಯೂ ಅದನ್ನು ಹಾಡಿದಾಗ ಅವರಿಗೆ 19 ವರ್ಷ, ನನಗಿಂತ ಚಿಕ್ಕವರು! ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ನಡೆದ ಹೋರಾಟ ಸೋತ ಬೇಸರದಲ್ಲಿ ಎಯ್ ರೊಕುಸುಕೆ ಬರೆದ ಸಾಹಿತ್ಯವದು. 1963ರಲ್ಲಿ ಅಮೆರಿಕದಲ್ಲೇ ಮೊದಲ ಸ್ಥಾನಕ್ಕೇರಿತು. ನಡುವೆ ಒಂದು ಭಾಗ ಬರೀ ಶಿಳ್ಳೆ. ಪದ ಮರೆತವರಿಗೆ ಅಷ್ಟು ಹೊತ್ತು ಬಿಡುವು.

ಎರಡನೆಯದು ದಿ ಬ್ಲೂ ಹಾರ್ಟ್ಸ್ ತಂಡದ 1987ರ ‘ಲಿಂಡಾ ಲಿಂಡಾ’. ಪಲ್ಲವಿಯಲ್ಲಿ ಆ ಒಂದೇ ಹೆಸರನ್ನು ಕೂಗಿದರಾಯಿತು. ಇದೇ ಹಾಡಿನ ಸುತ್ತ 2005ರಲ್ಲಿ ‘ಲಿಂಡಾ ಲಿಂಡಾ ಲಿಂಡಾ’ ಎಂಬ ಸಿನಿಮಾ ಬಂತು. ಶಾಲೆಯ ಹಬ್ಬಕ್ಕೆ ಹುಡುಗಿಯರ ಬ್ಯಾಂಡಿನಲ್ಲಿ ಹಾಡುವವರಿಲ್ಲ. ಜಪಾನಿ ಸರಿಯಾಗಿ ಬಾರದ ಕೊರಿಯಾದ ಹುಡುಗಿಯನ್ನು ಸೇರಿಸಿಕೊಳ್ಳುತ್ತಾರೆ. ಅವಳು ಒಬ್ಬಳೇ ಕರೋಕೆ ಕೋಣೆಗೆ ಹೋಗಿ ಅಭ್ಯಾಸ ಮಾಡುತ್ತಾಳೆ. ಅವಳಲ್ಲಿ ನಾನೇ ಕಂಡೆ.

ಕೊನೆಗೆ ಆರಿಸಿದ್ದು 2008ರ ‘ತೆಗಾಮಿ’. ಹದಿನೈದರ ವಯಸ್ಸಿನ ನಿನಗೊಂದು ಪತ್ರ ಎಂಬುದು ಅದರ ಉಪಶೀರ್ಷಿಕೆಯ ಭಾವ. ಗಾಯಕಿ ಅಂಜೆಲಾ ಅಕಿ ಹದಿಹರೆಯದಲ್ಲಿ ಭವಿಷ್ಯದ ತನಗೇ ಬರೆದುಕೊಂಡಿದ್ದ ಪತ್ರವನ್ನು ಅವರ 30ನೇ ಹುಟ್ಟುಹಬ್ಬಕ್ಕೆ ಅಮ್ಮ ಕಳುಹಿಸಿದ್ದರಂತೆ. ಅದರಿಂದ ಹುಟ್ಟಿದ ಹಾಡಿದು. ಎನ್‌ಎಚ್‌ಕೆಯ ಶಾಲಾ ಗಾಯನ ಸ್ಪರ್ಧೆಯಲ್ಲಿ ನಮ್ಮ ಹೈಸ್ಕೂಲು ವಯಸ್ಸಿನ ಮಕ್ಕಳು ಹಾಡಲೆಂದು ಬರೆದದ್ದು. ಹದಿನೈದು ಎಂದೊಡನೆ ನನಗೆ ನೆನಪಾದದ್ದು ‘ಕೊಲೊನೆಲ್’.

ಅಭ್ಯಾಸಕ್ಕೆ ನೆರವಾದದ್ದು ಕನ್ನಡವೇ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ಹ್ರಸ್ವ–ದೀರ್ಘ ತಪ್ಪುತ್ತಿತ್ತು. ಕನ್ನಡದಲ್ಲಿ ಬರೆದುಕೊಂಡೆ, ಸಲೀಸಾಯಿತು. ನಮ್ಮಲ್ಲಿ ಒಂದು ಒತ್ತು ಬಿದ್ದರೆ ಕತೆ ಕತ್ತೆಯಾಗುತ್ತದೆ. ಅಲ್ಲಿಯೂ ಅಷ್ಟೇ. ‘ಕಿತೆ ಕುದಾಸೈ’ ಎಂದರೆ ದಯವಿಟ್ಟು ಬನ್ನಿ, ‘ಕಿತ್ತೆ ಕುದಾಸೈ’ ಎಂದರೆ ದಯವಿಟ್ಟು ಕತ್ತರಿಸಿ! ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಮಾತ್ರೆ ಎಣಿಸಿದ್ದು ನೆನಪಿದೆಯಲ್ಲ? ಜಪಾನಿಯೂ ಮಾತ್ರೆ ಎಣಿಸುವ ಭಾಷೆ. ‘ಟೋಕ್ಯೋ’ ನಮ್ಮ ಲೆಕ್ಕದಲ್ಲಿ ಎರಡು ಗುರು, ನಾಲ್ಕು ಮಾತ್ರೆ. ಅವರ ಲೆಕ್ಕದಲ್ಲೂ ನಾಲ್ಕೇ. ರಾಗ ಬಿಟ್ಟು ಮೊದಲು ಚಪ್ಪಾಳೆ ತಟ್ಟುತ್ತಾ ಸಾಲುಗಳನ್ನು ಬರೀ ಓದಿದೆ. ಮೂರನೇ ದಿನ ರಾಗ ಸೇರಿಸಿದೆ. ಸ್ವರ ಮೇಲಾದಾಗ ಆ್ಯಪ್‌ನಲ್ಲಿ ಶ್ರುತಿ ಎರಡು ಮೆಟ್ಟಿಲು ಇಳಿಸಿದೆ. ಅದರಲ್ಲಿ ನಾಚಿಕೆಯೇನಿಲ್ಲ, ಕರೋಕೆ ಯಂತ್ರದಲ್ಲಿ ಅದಕ್ಕೆಂದೇ ಗುಂಡಿ ಇರುತ್ತದೆ.

ಶನಿವಾರ ಬಂತು. ಮೈಕ್ ಹಿಡಿದ ಕೈ ನಡುಗಿತು. ಎರಡನೇ ಚರಣದಲ್ಲಿ ಒಂದು ಸಾಲು ಪೂರ್ತಿ ಮರೆತೆ. ಯಾರೋ ನಕ್ಕರು. ಹಳೆಯ ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಹಿಮ್ಮೇಳ ನಮಗಾಗಿ ಕಾಯುವುದಿಲ್ಲವಲ್ಲ! ಮುಂದಿನ ಸಾಲು ಹಿಡಿದೆ. ಪಲ್ಲವಿಗೆ ಬರುವಷ್ಟರಲ್ಲಿ ನಕ್ಕವನೂ ದನಿಗೂಡಿಸಿದ್ದ. ಮುಗಿದ ಮೇಲೆ ಮೇಡಂ ಜಪಾನಿಯಲ್ಲೇ ‘ಈ ಹಾಡನ್ನೇ ಯಾಕೆ ಆರಿಸಿದೆ?’ ಎಂದು ಕೇಳಿದರು. ವ್ಯಾಕರಣ ಯೋಚಿಸದೆ ಉತ್ತರಿಸಿದೆ. ಎರಡು ತಪ್ಪಿದ್ದವು, ತಿದ್ದಿದರು. ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಮೊನ್ನೆಯ ಗ್ರೂಪ್ ಡಿಸ್ಕಷನ್‌ನಲ್ಲಿ ಮೂರು ಸಲ ಮಾತನಾಡಿದೆ. ಆ ರಾತ್ರಿ ಹದಿನೈದರ ನನಗೂ ಒಂದು ಚೀಟಿ ಬರೆದೆ: ‘ಅವರು ನಕ್ಕರೆ ನಗಲಿ ಬಿಡೋ. ಪಾಠ ಇನ್ನೂ ಮುಗಿದಿಲ್ಲ, ಮುಂದಿನ ಸಾಲು ಓದು.’