ರಾಣಿ ಇರುವೆಯ ಪರಿಚಯವಿರಲಿ

ಗದಗ ಸೀಮೆಯ ಕುರ್ತಕೋಟಿಯಂಥ ಎರೆನೆಲದ ಊರಿನ ರೈತನಿಗೆ ಇರುವೆ ಎಂದರೆ ಕಣದ ಕಾಳನ್ನು ಒಂದೊಂದಾಗಿ ಹೊತ್ತು ಗೂಡು ಸೇರಿಸುವ ಜೀವಿ. ಹೊಲದ ಬದುವಿನಲ್ಲಿ ಹೊಟ್ಟಿನ ಉಂಗುರ ಕಟ್ಟಿಕೊಂಡ ಗೂಡಿನ ಬಾಯಿಯನ್ನು ನೋಡದ ಬಯಲುಸೀಮೆಯವರಿಲ್ಲ. ಮಲೆನಾಡಿನ ನಮಗೋ ಇರುವೆ ಎಂದರೆ ಕಾಫಿ ಕೊಯ್ಯುವಾಗ ಕೊರಳಿಗೆ ಬೀಳುವ ಚಗಳಿ, ಬೆಲ್ಲದ ಡಬ್ಬಿಗೆ ಮುತ್ತುವ ಕೆಂಪಿರುವೆ, ಮರದ ಬುಡದಲ್ಲಿ ಓಡಾಡುವ ಗೊದ್ದ. ಎರಡು ಸೀಮೆಯವರೂ ಇರುವೆಯನ್ನು ಕಂಡೊಡನೆ ಮಾಡುವ ಕೆಲಸ ಒಂದೇ: ಪುಡಿಯ ಡಬ್ಬಿಗೆ ಕೈ ಹಾಕುವುದು. ಹಿಂದೆ ಅದು ಬಿ.ಎಚ್.ಸಿ. ಪುಡಿಯಾಗಿತ್ತು. ಅದು 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು. ಪುಡಿ ಬದಲಾಯಿತೇ ಹೊರತು ಅಭ್ಯಾಸ ಬದಲಾಗಲಿಲ್ಲ.

ಯಾವ ಇರುವೆಗೆ ಪುಡಿ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ನಿರ್ಧರಿಸುವ ಮೊದಲು ಇರುವೆಯ ಸಂಸಾರವನ್ನು ಒಂದು ವರ್ಷವಾದರೂ ಕಣ್ಣಾರೆ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಗಾಜಿನ ಕೊಳವೆ, ಸ್ವಲ್ಪ ಹತ್ತಿ, ಮತ್ತು ಒಂದು ರಾಣಿ ಇರುವೆ ಇದ್ದರೆ ಸಾಕು. ಮನೆಯ ಮಕ್ಕಳಿಗೂ ಇದೊಂದು ಒಳ್ಳೆಯ ಪಾಠ.

ಮಳೆಹುಳ ಬೇರೆ, ರೆಕ್ಕೆಯಿರುವೆ ಬೇರೆ

ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳಗಳನ್ನೆಲ್ಲ ನಾವು ಮಳೆಹುಳ ಎಂದು ಒಂದೇ ಹೆಸರಿನಲ್ಲಿ ಕರೆಯುವುದುಂಟು. ಅವುಗಳಲ್ಲಿ ಬಹುಪಾಲು ಗೆದ್ದಲು. ಗೆದ್ದಲನ್ನು ಬಿಳಿ ಇರುವೆ ಎಂದು ಕರೆದರೂ ಅದು ಇರುವೆಯ ಜಾತಿಯಲ್ಲ, ಜಿರಲೆಯ ನೆಂಟ. ಇರುವೆಯಾದರೋ ಕಣಜದ ಮತ್ತು ಜೇನಿನ ನೆಂಟ.

ಎರಡನ್ನೂ ಗುರುತಿಸುವುದು ಸುಲಭ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆ, ಮೀಸೆ ಮಣಿಸರದಂತೆ ನೆಟ್ಟಗೆ, ಸೊಂಟ ದಪ್ಪ. ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಮೀಸೆ ಮೊಣಕೈಯಂತೆ ಮಡಿಚಿರುತ್ತದೆ. ಸೊಂಟ ದಾರದಷ್ಟು ಸಣ್ಣ.

ಗೂಡಿನಲ್ಲಿ ನಾವು ದಿನವೂ ನೋಡುವ ಆಳು ಇರುವೆಗಳೆಲ್ಲ ಹೆಣ್ಣು. ಗಂಡಿರುವೆಗಳೂ ಮುಂದೆ ರಾಣಿಯಾಗುವ ಹೆಣ್ಣುಗಳೂ ರೆಕ್ಕೆ ಹೊತ್ತು ವರ್ಷದ ಕೆಲವೇ ದಿನ ಹೊರಬರುತ್ತವೆ. ಮಳೆ ನೆಲವನ್ನು ಮೆದು ಮಾಡಿ, ಗಾಳಿ ನಿಂತು, ಸೆಕೆ ಏರಿದಾಗ ಒಂದು ಪ್ರದೇಶದ ಒಂದೇ ಜಾತಿಯ ಗೂಡುಗಳೆಲ್ಲ ಹೆಚ್ಚುಕಡಮೆ ಒಂದೇ ಹೊತ್ತಿಗೆ ಹಾರುತ್ತವೆ. ಹಾರಾಟದಲ್ಲಿ ಕೂಡಿದ ಮೇಲೆ ಗಂಡು ಬೇಗನೆ ಸಾಯುತ್ತದೆ. ಹೆಣ್ಣು ನೆಲಕ್ಕಿಳಿದು ರೆಕ್ಕೆಗಳನ್ನು ತಾನೇ ಕಿತ್ತು ಬಿಸಾಡಿ, ಅಡಗಲು ಜಾಗ ಹುಡುಕುತ್ತದೆ. ಆ ಒಂದು ದಿನ ಪಡೆದ ಬೀಜವನ್ನು ಹೊಟ್ಟೆಯ ಪುಟ್ಟ ಚೀಲದಲ್ಲಿ ಕಾಪಾಡಿಕೊಂಡು ಜೀವಮಾನವಿಡೀ ಮೊಟ್ಟೆಯಿಡುತ್ತದೆ. ಯೂರೋಪಿನ ಕಪ್ಪು ತೋಟದಿರುವೆಯ ಒಂದು ರಾಣಿಯನ್ನು ಪ್ರಯೋಗಶಾಲೆಯಲ್ಲಿ 28 ವರ್ಷಕ್ಕೂ ಹೆಚ್ಚು ಕಾಲ ಸಾಕಿದ ದಾಖಲೆಯಿದೆ. ನಮ್ಮ ಕೊಟ್ಟಿಗೆಯ ಯಾವ ಹಸುವೂ ಅಷ್ಟು ವರ್ಷ ಬಾಳುವುದು ಅಪರೂಪ.

ಹೀಗೆ ಹಾರಿದ ನೂರಾರು ರಾಣಿಗಳಲ್ಲಿ ಒಂದೋ ಎರಡೋ ಗೂಡು ಕಟ್ಟುವ ಮಟ್ಟಕ್ಕೆ ಬಂದರೆ ಹೆಚ್ಚು. ಮಿಕ್ಕವು ಹಕ್ಕಿ, ಓತಿ, ಕಪ್ಪೆ, ಜೇಡ ಮತ್ತು ಬೇರೆ ಇರುವೆಗಳ ಪಾಲು.

ಹಿಡಿಯುವ ಕ್ರಮ

ಮಳೆಯ ಮರುದಿನ ಬೆಳಿಗ್ಗೆ ಅಂಗಳ, ತೋಟದ ದಾರಿ, ಸಿಮೆಂಟಿನ ಕಣ – ಇಲ್ಲೆಲ್ಲ ನೋಡುತ್ತ ಹೋಗಬೇಕು. ಸಾಲಿನಲ್ಲಿ ಹೋಗುವ ಇರುವೆ ನಮಗೆ ಬೇಡ. ಒಂಟಿಯಾಗಿ, ಅವಸರದಿಂದ ಸಂದಿಗೊಂದಿ ಹುಡುಕುತ್ತ ಓಡುವ ದಪ್ಪ ಇರುವೆ ಬೇಕು. ರಾಣಿಯ ಎದೆಯ ಭಾಗ ಆಳು ಇರುವೆಗಿಂತ ಉಬ್ಬಿರುತ್ತದೆ, ಏಕೆಂದರೆ ಹಾರುವ ಸ್ನಾಯುಗಳಿರುವುದು ಅಲ್ಲಿ. ರೆಕ್ಕೆ ಕಿತ್ತ ಗುರುತು ಎದೆಯ ಪಕ್ಕಗಳಲ್ಲಿ ಕಾಣುತ್ತದೆ. ರೆಕ್ಕೆ ಬಿದ್ದಿದ್ದರೆ ಅವಳ ಮದುವೆ ಮುಗಿದಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಹೊಸಬರಿಗೆ ಗೊದ್ದದ ರಾಣಿಯೇ ಅನುಕೂಲ. ಗಾತ್ರ ದೊಡ್ಡದು, ಸಾಕುವುದು ಸುಲಭ. ಕೈಯಲ್ಲಿ ಹಿಡಿಯದೆ, ಕೊಳವೆಯ ಬಾಯನ್ನು ಅವಳ ಮುಂದೆ ಹಿಡಿದು ಎಲೆಯಿಂದ ಮೆಲ್ಲಗೆ ದೂಡಿದರೆ ತಾನಾಗಿ ಒಳಗೆ ಹೋಗುತ್ತಾಳೆ.

ಗೂಡನ್ನು ಅಗೆದು ರಾಣಿಯನ್ನು ತೆಗೆಯುವುದು ಸಲ್ಲದು. ರಾಣಿ ಹೋದ ಗೂಡು ಹೆಚ್ಚಿನ ಜಾತಿಗಳಲ್ಲಿ ನಿಧಾನವಾಗಿ ನಶಿಸುತ್ತದೆ.

ಸಾಕುವ ಕ್ರಮ

ಶಾಲೆಯ ಪ್ರಯೋಗಶಾಲೆಯಲ್ಲಿರುವಂಥ ಟೆಸ್ಟ್ ಟ್ಯೂಬಿನಲ್ಲಿ ಮೂರನೇ ಒಂದು ಭಾಗ ನೀರು ತುಂಬಿ, ನೀರಿಗೆ ತಾಗುವಂತೆ ಹತ್ತಿಯನ್ನು ಬಿಗಿಯಾಗಿ ತುರುಕಬೇಕು. ಹತ್ತಿ ಒದ್ದೆಯಾಗಬೇಕು, ನೀರು ಸೋರಬಾರದು. ಉಳಿದ ಜಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೆ ಒಣಹತ್ತಿ ಇಟ್ಟು, ಕೊಳವೆಗೆ ಕಾಗದ ಸುತ್ತಿ ಕತ್ತಲೆಯಲ್ಲಿ ಅಲುಗಾಡದ ಕಡೆ ಮಲಗಿಸಿಡಬೇಕು. ವಾರಕ್ಕೊಮ್ಮೆಗಿಂತ ಹೆಚ್ಚಾಗಿ ನೋಡಬಾರದು. ಪದೇ ಪದೇ ಗಾಬರಿಯಾದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಬಿಡುತ್ತಾಳೆ.

ಗೊದ್ದದ ರಾಣಿಗೆ ಈ ಅವಧಿಯಲ್ಲಿ ಆಹಾರ ಬೇಡ. ಇನ್ನೆಂದೂ ಹಾರಬೇಕಿಲ್ಲದ ಆ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿಕೊಂಡು, ಬಾಯಿಂದಲೇ ಮರಿಹುಳುಗಳಿಗೆ ಉಣಿಸುತ್ತಾಳೆ. ಮೊಟ್ಟೆ, ಮರಿಹುಳು, ಕೋಶ ಎಂಬ ಮೂರು ಅವಸ್ಥೆ ದಾಟಿ ಮೊದಲ ಆಳುಗಳು ಹೊರಬರಲು ಹವೆಯ ಶಾಖಕ್ಕೆ ತಕ್ಕಂತೆ ಒಂದರಿಂದ ಎರಡು ತಿಂಗಳು ಹಿಡಿಯುತ್ತದೆ. ಈ ಮೊದಲ ಮಕ್ಕಳು ಬಡಕಲು. ಬರಗಾಲದ ಮಕ್ಕಳಲ್ಲವೇ?

ಆಳುಗಳು ಬಂದ ಮೇಲೆ ಕೊಳವೆಯನ್ನು ಒಂದು ಡಬ್ಬಿಯೊಳಗಿಟ್ಟು ಬಾಯಿ ತೆರೆಯಬೇಕು. ಒಂದು ಹನಿ ಜೇನು ಅಥವಾ ಸಕ್ಕರೆನೀರು, ವಾರಕ್ಕೆರಡು ಸಲ ಸತ್ತ ಮಿಡತೆಯ ಇಲ್ಲವೆ ಜಿರಲೆಯ ಚೂರು ಸಾಕು. ಕೀಟನಾಶಕ ತಾಗಿದ ಹುಳ ಬೇಡ. ತಿಂದುಳಿದದ್ದನ್ನು ತೆಗೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ಮಧ್ಯೆ ಇಡಬೇಕು. ಇರುವೆ ಒಳಗೆ ಬಾರದಿರಲೆಂದು ಬೆಣ್ಣೆಯ ಗಡಿಗೆಗೆ ನಮ್ಮ ಹಿರಿಯರು ಮಾಡುತ್ತಿದ್ದ ಉಪಾಯವನ್ನೇ ಇಲ್ಲಿ ಇರುವೆ ಹೊರಗೆ ಹೋಗದಿರಲೆಂದು ಮಾಡುವುದು.

ಈ ಹವ್ಯಾಸ ಹೊಸದೇನಲ್ಲ. ಇಂಗ್ಲೆಂಡಿನ ಜಾನ್ ಲಬಕ್ ಎರಡು ಗಾಜಿನ ಹಲಗೆಗಳ ನಡುವೆ ಇರುವೆ ಸಾಕಿ, ತಾನು ಕಂಡದ್ದನ್ನು 1882ರಲ್ಲೇ ಪುಸ್ತಕವಾಗಿ ಪ್ರಕಟಿಸಿದ್ದ.

ಜೋಗದ ಇರುವೆ

ಸಾಕಿದ ಇರುವೆ ಎಷ್ಟು ಕಲಿಸಬಲ್ಲುದು ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಅಡಿಕೆಯ ಸೀಮೆಯಾದ ಸಾಗರದ ಪಕ್ಕದ ಜೋಗವೇ ಸಾಕು. ಅಲ್ಲಿ ಉದ್ದ ದವಡೆಯ, ದೊಡ್ಡ ಕಣ್ಣಿನ, ಬೇಟೆಯ ಮೇಲೆ ಜಿಗಿದು ಬೀಳುವ ಒಂದು ನೆಲದಿರುವೆಯಿದೆ. ಶಾಸ್ತ್ರದಲ್ಲಿ ಅದರ ಹೆಸರು ಹಾರ್ಪೆಗ್ನಾಥೋಸ್ ಸಾಲ್ಟೇಟರ್. ಅದರ ಗೂಡಿನ ರಚನೆಯನ್ನು ಕುರಿತು 1994ರಲ್ಲಿ ಪ್ರಕಟವಾದ ವೈಜ್ಞಾನಿಕ ಲೇಖನದ ಕರ್ತೃಗಳಲ್ಲಿ ವಿದೇಶದ ವಿಜ್ಞಾನಿಗಳ ಜೊತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಇರುವೆತಜ್ಞ ಮುಸ್ತಾಕ್ ಅಲಿಯವರೂ ಒಬ್ಬರು. ಮರಿಗಳು ಹೊರಬಂದ ಮೇಲೆ ಉಳಿದ ಕೋಶದ ಪೊರೆಗಳನ್ನು ಈ ಇರುವೆ ಕೋಣೆಯ ಗೋಡೆಗೆ ಕಾಗದದಂತೆ ಅಂಟಿಸುತ್ತದೆ.

ಜೋಗದ ಆಸುಪಾಸಿನಿಂದ ಒಯ್ದ ಈ ಇರುವೆಯ ಸಂಸಾರಗಳನ್ನು ಜರ್ಮನಿ, ಅಮೆರಿಕಗಳ ಪ್ರಯೋಗಶಾಲೆಗಳಲ್ಲಿ ಡಬ್ಬಿಗಳಲ್ಲಿಟ್ಟು ಮಿಡಿತೆಹುಳ ಉಣಿಸಿ ಸಾಕಿದರು. ಗೂಡಿನ ರಾಣಿ ಸತ್ತರೆ ಆಳುಗಳು ಮೀಸೆಯಿಂದ ಮೀಸೆಗೆ ಬಡಿದಾಡುತ್ತ ವಾರಗಟ್ಟಲೆ ಸ್ಪರ್ಧೆ ನಡೆಸುತ್ತವೆ. ಗೆದ್ದ ಕೆಲವು ಆಳುಗಳು ತಾವೇ ಮೊಟ್ಟೆಯಿಡತೊಡಗುತ್ತವೆ. ಏಳು ತಿಂಗಳು ಬಾಳುತ್ತಿದ್ದ ಆಳು ಹೀಗೆ ಒಡತಿಯಾದರೆ ಸುಮಾರು ನಾಲ್ಕು ವರ್ಷ ಬಾಳುತ್ತದೆ. ಅದರ ಮಿದುಳು ಸುಮಾರು ಐದನೇ ಒಂದರಷ್ಟು ಕುಗ್ಗುತ್ತದೆ, ಮತ್ತೆ ಆಳಾದರೆ ಮೊದಲಿನಂತೆ ಬೆಳೆಯುತ್ತದೆ ಎಂದು 2021ರಲ್ಲಿ ವರದಿಯಾಯಿತು. ಇರುವೆಗಳ ಪೈಕಿ ಮೊತ್ತಮೊದಲು, 2010ರಲ್ಲಿ, ವಂಶವಾಹಿಯ ಪೂರ್ಣ ನಕ್ಷೆ ಪ್ರಕಟವಾದ ಎರಡು ಜಾತಿಗಳಲ್ಲಿ ಇದೂ ಒಂದು. ಮುಪ್ಪಿನ ಗುಟ್ಟು ತಿಳಿಯಲು ಜಗತ್ತಿನ ವಿಜ್ಞಾನಿಗಳು ನೋಡುತ್ತಿರುವುದು ನಮ್ಮ ಮಲೆನಾಡಿನ ನೆಲದಿರುವೆಯನ್ನು. ಈ ಇರುವೆಗೆ ಬೇಟೆಯೇ ಜೀವನ. ಅದಕ್ಕೂ ಪುಡಿ ಎರಚಿದರೆ ನಷ್ಟ ಯಾರಿಗೆ?

ತೋಟಕ್ಕೆ ಇದರಿಂದೇನು?

ಡಬ್ಬಿಯಲ್ಲಿ ಗೊದ್ದದ ಸಂಸಾರ ಕುದುರಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಹಸಿರು ಶಲ್ಕಕೀಟವೋ ಹಿಟ್ಟುತಿಗಣೆಯೋ ಹತ್ತಿದ ಕಾಫಿಯ ಒಂದು ಚಿಗುರನ್ನು ಡಬ್ಬಿಯೊಳಗಿಡಿ. ಇರುವೆ ಅದನ್ನು ತಿನ್ನುವುದಿಲ್ಲ. ಮೀಸೆಯಿಂದ ಸವರಿ, ಆ ಕೀಟ ಹಿಂದಿನಿಂದ ಬಿಡುವ ಸಿಹಿರಸದ ಹನಿಯನ್ನು ಕುಡಿಯುತ್ತದೆ. ಹಸು ಕರೆದಂತೆಯೇ ಸರಿ. ಈಗ ತೋಟದಿಂದ ಒಂದು ಗುಲಗಂಜಿ ಹುಳವನ್ನು ತಂದು ಆ ಚಿಗುರಿನ ಮೇಲೆ ಬಿಡಿ. ಇರುವೆ ಅದರ ಮೇಲೆ ಏರಿಹೋಗುವುದನ್ನು ಕಾಣಬಹುದು. ಪರೀಕ್ಷೆ ಮುಗಿದ ಕೂಡಲೆ ಚಿಗುರನ್ನು ಸುಟ್ಟುಬಿಡಬೇಕು.

ಕಾಫಿಯಲ್ಲಿ ಹಿಟ್ಟುತಿಗಣೆಯ ಕಾಟ, ಮೆಣಸಿನ ಬಳ್ಳಿಯಲ್ಲಿ ಬೇರು ಹಿಟ್ಟುತಿಗಣೆಯ ಕಾಟ – ಇವುಗಳ ಬುಡದಲ್ಲಿರುವ ಸಂಬಂಧ ಇದೇ. ಹಿಟ್ಟುತಿಗಣೆಯ ಶತ್ರುವಾದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳವನ್ನು ಆಸ್ಟ್ರೇಲಿಯದಿಂದ ಭಾರತಕ್ಕೆ ತಂದದ್ದು 1898ರಲ್ಲಿ, ಅದೂ ಕಾಫಿಯ ಶಲ್ಕಕೀಟಕ್ಕಾಗಿ. ಅದು ನೆಲೆಗೊಂಡದ್ದು ಹಿಟ್ಟುತಿಗಣೆಯ ಮೇಲೆ. 1983ರಲ್ಲಿ ಲೆಪ್ಟೋಮಾಸ್ಟಿಕ್ಸ್ ಎಂಬ ಪುಟ್ಟ ಕಣಜವನ್ನೂ ತರಲಾಯಿತು. ಇರುವೆಯ ಕಾವಲಿದ್ದ ಕಡೆ ಇವೆರಡರ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ.

ಆದ್ದರಿಂದ ಗಿಡದ ಮೇಲೆಲ್ಲ ಔಷಧ ಸುರಿಯುವ ಮೊದಲು ಇರುವೆಯ ದಾರಿಯನ್ನು ನೋಡಬೇಕು. ಹಿಟ್ಟುತಿಗಣೆಯಿರುವ ಗಿಡದ ಕಾಂಡದಲ್ಲಿ ಇರುವೆಯ ಸಾಲು ಏರಿಳಿಯುತ್ತಿದೆಯೇ? ನೆರಳಿನ ಮರದ ಕೊಂಬೆ ಗಿಡಕ್ಕೆ ತಾಗಿ ಸೇತುವೆಯಾಗಿದೆಯೇ? ಸೇತುವೆ ಕತ್ತರಿಸಿ, ಆ ಗಿಡದ ಬುಡದಲ್ಲಿ ಮಾತ್ರ ಕ್ರಮ ಕೈಗೊಂಡರೆ ಕಡಮೆ ಖರ್ಚಿನಲ್ಲಿ ಮಿತ್ರಕೀಟಗಳು ಉಳಿಯುತ್ತವೆ. ತಿಗಣೆಯಿಲ್ಲದ ಕಡೆ ಓಡಾಡುವ ಇರುವೆಯನ್ನು ಅದರ ಪಾಡಿಗೆ ಬಿಡುವುದು ಲೇಸು.

ಚಗಳಿಯ ವಿಷಯದಲ್ಲಿ ಮಾತ್ರ ಎರಡೂ ಮುಖ ನೋಡಬೇಕು. ಅದು ಶಲ್ಕಕೀಟವನ್ನು ಸಾಕುತ್ತದೆ, ಕೊಯ್ಲಿನ ಆಳುಗಳನ್ನು ಕಚ್ಚುತ್ತದೆ, ನಿಜ. ಆದರೆ ಎಲೆ ತಿನ್ನುವ ಹುಳಗಳನ್ನು ಹೊತ್ತೊಯ್ಯುವುದೂ ಅದೇ. ಕಿತ್ತಳೆ ಜಾತಿಯ ಮರಗಳ ಕಾವಲಿಗೆ ಚಗಳಿಯ ಗೂಡುಗಳನ್ನು ಚೀಲದಲ್ಲಿ ಕಟ್ಟಿ ಸಂತೆಯಲ್ಲಿ ಮಾರುತ್ತಿದ್ದುದನ್ನು ಕ್ರಿ.ಶ. 304ರ ಕಾಲದ್ದೆನ್ನುವ ಒಂದು ಚೀನೀ ಸಸ್ಯಗ್ರಂಥ ಹೇಳುತ್ತದೆ. ಆಸ್ಟ್ರೇಲಿಯದ ಉತ್ತರ ಪ್ರಾಂತದ ಗೇರುತೋಟಗಳಲ್ಲಿ ಟೀ ಸೊಳ್ಳೆಯ ಹತೋಟಿಗೆ 1990ರ ದಶಕದಿಂದ ಇದನ್ನು ಬಳಸಿ ನೋಡಿದ್ದಾರೆ. ಒಂದು ಚಗಳಿ ಸಂಸಾರ ಹಲವು ಮರಗಳಲ್ಲಿ ಹತ್ತಾರು ಎಲೆಗೂಡು ಕಟ್ಟಿದರೂ ರಾಣಿ ಇರುವುದು ಸಾಮಾನ್ಯವಾಗಿ ಒಂದೇ ಗೂಡಿನಲ್ಲಿ. ಆದುದರಿಂದ ಕೊಯ್ಲಿಗೆ ಅಡ್ಡಿಯಾದ ಗೂಡುಗಳನ್ನಷ್ಟೇ ತೆಗೆದು, ಗೇರು ಮಾವಿನ ಮರಗಳಲ್ಲಿರುವವನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ.

ರಾಣಿ ಮಾರಾಟದ ಸರಕಲ್ಲ

ಒಂದು ಎಚ್ಚರಿಕೆಯ ಮಾತು. ಇರುವೆ ಸಾಕುವ ಹವ್ಯಾಸ ವಿದೇಶಗಳಲ್ಲಿ ದೊಡ್ಡ ವ್ಯಾಪಾರವಾಗಿದೆ. 2025ರಲ್ಲಿ ಕೀನ್ಯಾ ದೇಶದಲ್ಲಿ ಇಬ್ಬರು ಬೆಲ್ಜಿಯಂ ಹುಡುಗರ ಬಳಿ, ಹತ್ತಿ ತುರುಕಿದ ಎರಡು ಸಾವಿರಕ್ಕೂ ಹೆಚ್ಚು ಕೊಳವೆಗಳಲ್ಲಿ ಸುಮಾರು 5,000 ರಾಣಿ ಇರುವೆಗಳು ಸಿಕ್ಕಿದವು. ನ್ಯಾಯಾಲಯ ಅವರಿಗೆ ಹತ್ತು ಲಕ್ಷ ಶಿಲಿಂಗ್ ದಂಡ, ತಪ್ಪಿದರೆ ಹನ್ನೆರಡು ತಿಂಗಳ ಸಜೆ ವಿಧಿಸಿತು. ಒಬ್ಬೊಬ್ಬ ರಾಣಿಯೂ ಮುಂದಿನ ಒಂದು ಗೂಡು ಎಂದರೆ 5,000 ಗೂಡುಗಳನ್ನು ಒಂದು ಸೀಮೆಯಿಂದ ಕಿತ್ತಂತಾಯಿತು.

ನಮ್ಮಲ್ಲಿಯೂ 2002ರ ಜೈವಿಕ ವೈವಿಧ್ಯ ಕಾಯಿದೆಯಿದೆ. ವಿದೇಶೀಯರು ಇಲ್ಲಿಯ ಜೀವಸಂಪತ್ತನ್ನು ಪಡೆಯಲು ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ರಾಣಿ ಇರುವೆಗೆ ಇಷ್ಟು ಹಣ ಕೊಡುತ್ತೇವೆಂದು ಯಾರಾದರೂ ಹಳ್ಳಿಯ ಹುಡುಗರನ್ನು ಕೇಳಿದರೆ ಹಿರಿಯರು ತಡೆಯಬೇಕು. ಸಾಕಿದ ಇರುವೆ ಬೇಡವೆನಿಸಿದರೆ ಹಿಡಿದ ಜಾಗದಲ್ಲೇ ಬಿಡಬೇಕು. ಬೇರೆ ಊರಿನ ಇರುವೆಯನ್ನು ನಮ್ಮ ತೋಟಕ್ಕೆ ತರುವುದು ಹೊಸ ಪೀಡೆಯನ್ನು ತಂದಂತೆ.

ಬರುವ ಬೇಸಿಗೆಯ ಮೊದಲ ಮಳೆಗೆ ಮುನ್ನ ಒಂದು ಕೊಳವೆ, ಒಂದು ಹಿಡಿ ಹತ್ತಿ ಸಿದ್ಧವಾಗಿಟ್ಟುಕೊಳ್ಳಿ. ಒಂದು ಮನೆಗೆ ಒಬ್ಬಳು ರಾಣಿ ಸಾಕು. ಒಂದು ವರ್ಷ ಅವಳ ಸಂಸಾರವನ್ನು ನೋಡಿದ ಬೆಳೆಗಾರ ತೋಟದಲ್ಲಿ ಇರುವೆಯ ಸಾಲು ಕಂಡಾಗ ಪುಡಿಯ ಡಬ್ಬಿಗೆ ಕೈ ಹಾಕುವ ಮೊದಲು ಆ ಸಾಲು ಎಲ್ಲಿಗೆ ಹೋಗುತ್ತಿದೆ ಎಂದು ನೋಡುತ್ತಾನೆ. ಅಷ್ಟಾದರೆ ಪುಡಿಯ ಖರ್ಚೂ ಉಳಿಯಿತು, ಗುಲಗಂಜಿ ಹುಳವೂ ಉಳಿಯಿತು.