ಎಳೆದಷ್ಟೇ ಕೊಡುವ ಗಾಳಿ

ನೇತ್ರಾಣಿಯ ಪಕ್ಕದಲ್ಲಿ ಬೋಟಿನಿಂದ ಕಡಲಿಗಿಳಿಯುವವರ ಬೆನ್ನಿಗೆ ಕಟ್ಟಿರುವುದನ್ನು ಹೆಚ್ಚಿನವರು ಆಕ್ಸಿಜನ್ ಸಿಲಿಂಡರ್ ಎಂದೇ ಕರೆಯುತ್ತಾರೆ. ಅದರಲ್ಲಿ ತುಂಬಿರುವುದು ಆಮ್ಲಜನಕವಲ್ಲ, ಮುರುಡೇಶ್ವರದ ದಂಡೆಯ ಮೇಲೆ ನಾವು ನೀವು ಉಸಿರಾಡುವ ಮಾಮೂಲಿ ಗಾಳಿ. ಐದರಲ್ಲಿ ನಾಲ್ಕು ಪಾಲು ಸಾರಜನಕ, ಉಳಿದದ್ದು ಆಮ್ಲಜನಕ. ಕಂಪ್ರೆಸರ್ ಅದನ್ನು ಸೋಸಿ, ತೇವ ತೆಗೆದು, ಅದುಮಿ ತುಂಬಿರುತ್ತದೆ. ಶುದ್ಧ ಆಮ್ಲಜನಕವನ್ನು ಉಸಿರಾಡುತ್ತಾ ಇಳಿದವರಿಗೆ ಆರು ಮೀಟರ್ ದಾಟಿದ ಮೇಲೆ ಅದೇ ವಿಷವಾಗಿ ಫಿಟ್ಸ್ ಬರುವ ಅಪಾಯವಿದೆ. ನೀರಿನಡಿ ಫಿಟ್ಸ್ ಬಂದರೆ ಬಾಯಿಯಲ್ಲಿದ್ದ ನಳಿಕೆ ಜಾರುತ್ತದೆ, ಮುಂದಿನ ಉಸಿರಿಗೆ ನೀರೇ ಒಳಗೆ ಹೋಗುತ್ತದೆ.

ಮುರುಡೇಶ್ವರದಿಂದ ಪಡುವಣಕ್ಕೆ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ಪುಟ್ಟ ಬಂಡೆಗಲ್ಲಿನ ದ್ವೀಪ ನೇತ್ರಾಣಿ. ಅಲ್ಲಿ ಜನವಸತಿಯಿಲ್ಲ. ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ನೌಕಾಪಡೆ ಗುರಿಯಿಟ್ಟು ಗುಂಡು ಹಾರಿಸುವ ಅಭ್ಯಾಸಕ್ಕೂ ಈ ದ್ವೀಪವನ್ನು ಬಳಸಿದೆ. ಅಂಡಮಾನ್, ಲಕ್ಷದ್ವೀಪಗಳ ಹೆಸರು ಕೇಳಿದವರೆಲ್ಲ ಇದರ ಹೆಸರು ಕೇಳಿಲ್ಲ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರ 2022ರಲ್ಲಿ ತೆರೆಗೆ ಬಂದ ಮೇಲೆ ಕನ್ನಡಿಗರಲ್ಲಿ ಅನೇಕರು ಇದನ್ನು ಗುರುತಿಸತೊಡಗಿದರು. ಕರ್ನಾಟಕದ ಕರಾವಳಿಯ ನೀರು ಹವಳಕ್ಕೆ ಹೇಳಿ ಮಾಡಿಸಿದ್ದಲ್ಲ. ಶರಾವತಿಯಂಥ ನದಿಗಳು ಮಳೆಗಾಲವಿಡೀ ಕೆಂಪು ಮಣ್ಣನ್ನು ಕಡಲಿಗೆ ತಂದು ಸುರಿಯುತ್ತವೆ, ಮಣ್ಣು ನೀರಿನಲ್ಲಿ ತೇಲಿದಷ್ಟು ಕಾಲ ಬಿಸಿಲು ಆಳಕ್ಕಿಳಿಯುವುದಿಲ್ಲ. ಹವಳದ ಜೀವಿಯ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗೆ ಬಿಸಿಲು ಬೇಕು, ಹವಳಕ್ಕೆ ಊಟದ ಬಹುಪಾಲು ಆ ಪಾಚಿಯಿಂದಲೇ ಸಿಗುತ್ತದೆ. ದಡದಿಂದ ಅಷ್ಟು ದೂರ ಸರಿದು ನಿಂತದ್ದರಿಂದ ನೇತ್ರಾಣಿಯ ಸುತ್ತ ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಮುಳುಗಿದ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ ಹಿಡಿದಿದೆ. ಗಿಳಿಮೀನು, ಚಿಟ್ಟೆಮೀನುಗಳ ಹಿಂಡು ಅಲ್ಲಿ ಕಾಣಸಿಗುತ್ತದೆ.

ಅವುಗಳ ಜೊತೆ ಅರ್ಧ ಗಂಟೆ ಇರಬೇಕೆಂದರೆ ಗಾಳಿಯನ್ನು ಹೊತ್ತೊಯ್ದರೆ ಸಾಲದು. ಅದನ್ನು ಎದೆಯೊಳಕ್ಕೆ ಎಳೆದುಕೊಳ್ಳಲು ಆಗಬೇಕು. ಸ್ಕೂಬಾದ ಇಡೀ ವಿಜ್ಞಾನ ಈ ಎರಡನೆಯ ಮಾತಿನಲ್ಲಿದೆ.

ಉದ್ದದ ಕೊಳವೆಯ ಒಂದು ತುದಿಯನ್ನು ನೀರಿನ ಮೇಲೆ ತೇಲಿಬಿಟ್ಟು, ಇನ್ನೊಂದನ್ನು ಬಾಯಿಗಿಟ್ಟುಕೊಂಡು ಮೂರು ಮೀಟರ್ ಕೆಳಗೆ ಕುಳಿತರೆ ಏಕಾಗದು ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಒಂದು ಮೀಟರ್ ಆಳದಲ್ಲಿ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೀರು ಸುಮಾರು ನೂರು ಗ್ರಾಂ ಹೆಚ್ಚುವರಿ ಭಾರ ಹೇರುತ್ತದೆ. ಎದೆಯ ಅಗಲವೆಲ್ಲ ಸೇರಿದರೆ ಅದು ಒಬ್ಬ ಆಳಿನ ತೂಕವನ್ನೂ ಮೀರುತ್ತದೆ. ಕೊಳವೆಯಲ್ಲಿ ಬರುವ ಗಾಳಿಯಾದರೋ ಮೇಲ್ಮೈಯ ಒತ್ತಡದ್ದು, ಎದೆಯನ್ನು ಒಳಗಿನಿಂದ ಎತ್ತಿ ಹಿಡಿಯುವ ಬಲ ಅದಕ್ಕಿಲ್ಲ. ಪಕ್ಕೆಲುಬಿನ ಸ್ನಾಯುಗಳು ಅಷ್ಟು ಭಾರವನ್ನು ನೂಕಿ ಎದೆ ಅಗಲಿಸಲಾರವು. ಮೂರು ಮೀಟರಿನಲ್ಲಿ ಆ ಮಾತೇ ಇಲ್ಲ. ಹಾಗಾಗಿ ಬಾಯಿಗೆ ಬರುವ ಗಾಳಿಯ ಒತ್ತಡ ಮುಳುಗಿದವರ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿರಲೇಬೇಕು. ಆಳ ಬದಲಾದ ಹಾಗೆ ಅದೂ ಕ್ಷಣಕ್ಷಣಕ್ಕೆ ಬದಲಾಗಬೇಕು, ಅದಕ್ಕಾಗಿ ಯಾರೂ ಯಾವ ಗುಂಡಿಯನ್ನೂ ತಿರುಗಿಸುವ ಹಾಗಿರಬಾರದು.

ಇದಕ್ಕೆ ಮೊದಲ ಉತ್ತರ ಕಂಡದ್ದು ಗಣಿಯಲ್ಲಿ. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರುಕೆರೋಲ್, ವಿಷಾನಿಲ ತುಂಬಿದ ಸುರಂಗಕ್ಕೆ ಇಳಿಯುವವರಿಗಾಗಿ 1860ರ ಸುಮಾರಿಗೆ ಒಂದು ಉಸಿರಾಟದ ಕವಾಟ ರೂಪಿಸಿದ. ನೌಕಾಪಡೆಯ ಅಧಿಕಾರಿ ಒಗ್ಯುಸ್ತ್ ದನೆರೂಜ್ ಜೊತೆಗೂಡಿ ಕೆಲವೇ ವರ್ಷಗಳಲ್ಲಿ ಅದನ್ನು ಕಡಲಿಗೂ ಒಗ್ಗಿಸಿದರು. ಜೂಲ್ ವರ್ನ್ ತನ್ನ ಕಡಲಡಿಯ ಕಾದಂಬರಿಯಲ್ಲಿ ಅವರಿಬ್ಬರ ಹೆಸರನ್ನು ಹೇಳಿಯೇ ಆ ಸಾಧನವನ್ನು ಬಳಸಿಕೊಂಡ. ಕಲ್ಪನೆ ಸರಿಯಾಗಿತ್ತು, ಉಕ್ಕು ಸಾಲದಾಯಿತು. ನೂರಾರು ಪಟ್ಟು ಅದುಮಿದ ಗಾಳಿಯನ್ನು ತಡೆದುಕೊಳ್ಳುವ ಸಿಲಿಂಡರ್ ಆ ಕಾಲದಲ್ಲಿರಲಿಲ್ಲ. ಹೆಚ್ಚು ಹೊತ್ತು ಇರಬೇಕಾದರೆ ಮೇಲಿನ ಪಂಪಿನಿಂದ ಕೊಳವೆ ಎಳೆಯಲೇಬೇಕಿತ್ತು.

ಎಂಬತ್ತು ವರ್ಷದ ನಂತರ ಕವಾಟ ಮತ್ತೆ ಬೇರೆಲ್ಲಿಂದಲೋ ಬಂತು. ಎರಡನೇ ಮಹಾಯುದ್ಧದ ಕಾಲ, ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್. ಪೆಟ್ರೋಲ್ ಸಿಗದೆ ಕಾರುಗಳನ್ನು ಅಡುಗೆ ಅನಿಲದಲ್ಲಿ ಓಡಿಸುವ ಪರಿಸ್ಥಿತಿ. ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾ, ಎಂಜಿನ್ ಎಳೆದಷ್ಟೇ ಅನಿಲ ಬಿಡುವ ಕವಾಟವೊಂದನ್ನು ಮಾಡಿದ್ದ. ನೌಕಾಪಡೆಯ ಜಾಕ್ ಕೂಸ್ತೋ ಅವನಲ್ಲಿಗೆ ಬಂದು ತನಗೆ ಬೇಕಾದದ್ದನ್ನು ವಿವರಿಸಿದಾಗ, ಎಂಜಿನ್ನಿನ ಜಾಗದಲ್ಲಿ ಮನುಷ್ಯನ ಎದೆಯನ್ನು ಇಟ್ಟು ನೋಡುವುದಷ್ಟೇ ಉಳಿದಿತ್ತು. 1943ರ ಜನವರಿಯ ಚಳಿಯಲ್ಲಿ ಪ್ಯಾರಿಸ್ ಹೊರಗಿನ ಮಾರ್ನ್ ನದಿಯಲ್ಲಿ ಕೂಸ್ತೋ ಅದನ್ನು ಹೊತ್ತು ಇಳಿದ.

ಆ ಪರೀಕ್ಷೆ ಸೋತದ್ದು ಹೇಗೆ ಎಂಬುದನ್ನು ತಿಳಿಯಲು ಕವಾಟದ ಒಳಗನ್ನು ಒಮ್ಮೆ ನೋಡಬೇಕು. ಇಂದು ನೇತ್ರಾಣಿಯಲ್ಲಿ ಬಳಸುವ ರೆಗ್ಯುಲೇಟರಿನ ತತ್ವವೂ ಅದೇ.

ಸಾಮಾನ್ಯ ಸಿಲಿಂಡರಿನೊಳಗೆ ಜಾಗ ಇರುವುದು ಸುಮಾರು 11 ಲೀಟರ್. ಅದರಲ್ಲಿ 200 ಬಾರ್ ಒತ್ತಡದಲ್ಲಿ, ಅಂದರೆ ಕಡಲ ಮಟ್ಟದ ಗಾಳಿಯ ಒತ್ತಡದ ಇನ್ನೂರು ಪಟ್ಟಿನಲ್ಲಿ, ಎರಡು ಸಾವಿರದ ಇನ್ನೂರು ಲೀಟರಿನಷ್ಟು ಗಾಳಿಯನ್ನು ತುರುಕಿರುತ್ತಾರೆ. ಅದು ನೇರ ಬಾಯಿಗೆ ಬಂದರೆ ಎದೆ ಸಿಡಿದೀತು. ಸಿಲಿಂಡರಿನ ಕುತ್ತಿಗೆಗೆ ತಿರುಪಿದ ಮೊದಲ ಹಂತ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು-ಹತ್ತು ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಅಲ್ಲಿಂದ ಒಂದು ಕೊಳವೆ ಬಾಯಿಯ ಹತ್ತಿರದ ಎರಡನೇ ಹಂತಕ್ಕೆ ಬರುತ್ತದೆ. ಇದು ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ. ಡಬ್ಬಿಯ ಮುಂಬದಿಗೆ ಗಟ್ಟಿ ಮುಚ್ಚಳದ ಬದಲು ಮೆತ್ತನೆಯ ರಬ್ಬರ್ ಪೊರೆ. ಪೊರೆಯ ಹೊರಗೆ ಕಡಲು, ಒಳಗೆ ಉಸಿರಾಡುವ ಗಾಳಿ. ಎರಡೂ ಕಡೆ ಒತ್ತಡ ಸಮನಾಗಿದ್ದರೆ ಪೊರೆ ಅಲುಗುವುದಿಲ್ಲ. ಉಸಿರೆಳೆದೊಡನೆ ಡಬ್ಬಿಯೊಳಗೆ ಒತ್ತಡ ತುಸುವೇ ಇಳಿಯುತ್ತದೆ, ಎರಡು ಮೂರು ಸೆಂಟಿಮೀಟರ್ ನೀರಿನ ಎತ್ತರದಷ್ಟು ಇಳಿದರೂ ಸಾಕು. ಹೊರಗಿನ ನೀರು ಪೊರೆಯನ್ನು ಒಳಕ್ಕೆ ಒತ್ತುತ್ತದೆ, ಪೊರೆ ಒಂದು ಸಣ್ಣ ಸನ್ನೆಯನ್ನು ಅದುಮುತ್ತದೆ, ಸನ್ನೆ ಕವಾಟವನ್ನು ತೆರೆಯುತ್ತದೆ, ಗಾಳಿ ನುಗ್ಗುತ್ತದೆ. ಎದೆ ತುಂಬಿ ಎಳೆಯುವುದು ನಿಂತಾಗ ಒಳಗೂ ಹೊರಗೂ ಮತ್ತೆ ಸಮ, ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ಕರು ಬಾಯಿಟ್ಟು ಎಳೆದಾಗ ಮಾತ್ರ ಹಸು ಸೊರೆ ಬಿಡುವ ಹಾಗೆ. ಬಿಟ್ಟ ಉಸಿರು ಇನ್ನೊಂದು ತೆಳು ರಬ್ಬರ್ ಬಿಲ್ಲೆಯನ್ನು ಎತ್ತಿ ಗುಳ್ಳೆಗಳಾಗಿ ಕಡಲಿಗೆ ಹೋಗುತ್ತದೆ.

ಆಳವನ್ನು ಅಳೆಯುವ ಸಾಧನ ಇದರೊಳಗೆ ಯಾವುದೂ ಇಲ್ಲ. ವಿದ್ಯುತ್ ಇಲ್ಲ, ಬ್ಯಾಟರಿ ಇಲ್ಲ. ಪೊರೆಯ ಹೊರಗಿರುವ ನೀರೇ ಎಷ್ಟು ಒತ್ತಡದ ಗಾಳಿ ಬೇಕೆಂಬುದನ್ನು ನಿರ್ಧರಿಸುತ್ತದೆ. ಮನುಷ್ಯ ಮಾಡಿದ ಯಂತ್ರಗಳಲ್ಲಿ ಇಷ್ಟು ಕಡಿಮೆ ಭಾಗಗಳಿಂದ ಇಷ್ಟು ದೊಡ್ಡ ಕೆಲಸ ಮಾಡುವಂಥವು ತೀರ ಕಡಿಮೆ ಎಂದು ನಾನು ನಂಬುತ್ತೇನೆ. ಅದು ಕೆಡುವ ರೀತಿಯನ್ನೂ ಯೋಚಿಸಿಯೇ ಕಟ್ಟಿದ್ದಾರೆ. ಈಗಿನ ಹೆಚ್ಚಿನ ರೆಗ್ಯುಲೇಟರುಗಳಲ್ಲಿ ಬಾಯಿ ಹತ್ತಿರದ ಕವಾಟ ಗಾಳಿ ಹರಿಯುವ ದಿಕ್ಕಿಗೇ ತೆರೆದುಕೊಳ್ಳುತ್ತದೆ. ಮೊದಲ ಹಂತ ಕೈಕೊಟ್ಟು ಒತ್ತಡ ಏರಿದರೆ ಕವಾಟ ಬಿಗಿದುಕೊಳ್ಳುವುದಿಲ್ಲ, ತಾನೇ ತೆರೆದು ಗಾಳಿಯನ್ನು ಸುರಿಯುತ್ತದೆ. ಗಾಳಿ ಪೋಲಾಗುತ್ತದೆ ನಿಜ, ಆದರೆ ಉಸಿರು ಕಟ್ಟುವುದಿಲ್ಲ.

ಇನ್ನು ಮಾರ್ನ್ ನದಿಗೆ ಬರೋಣ. ಮಲಗಿ ಈಜುವಾಗ ಕೂಸ್ತೋವಿನ ಸಾಧನ ಚೆನ್ನಾಗಿ ನಡೆಯಿತು. ನೆಟ್ಟಗೆ ನಿಂತೊಡನೆ ಗಾಳಿ ಬುಸುಬುಸು ಸೋರತೊಡಗಿತು. ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಯಿತು. ಉಸಿರು ಹೊರಹೋಗುವ ದ್ವಾರ ನಿಂತಾಗ ಪೊರೆಗಿಂತ ಸುಮಾರು ಆರು ಅಂಗುಲ ಮೇಲಿರುತ್ತಿತ್ತು. ಆರು ಅಂಗುಲ ಕೆಳಗಿನ ನೀರಿಗೆ ಆರು ಅಂಗುಲದಷ್ಟು ಹೆಚ್ಚು ಒತ್ತಡ. ಅಷ್ಟು ವ್ಯತ್ಯಾಸವೇ ಪೊರೆಯನ್ನು ಸದಾ ಒತ್ತಿಹಿಡಿದು ಗಾಳಿಯನ್ನು ಮೇಲಿನ ದ್ವಾರದಿಂದ ಹರಿಸಿಬಿಟ್ಟಿತು. ಕಾರಣ ಹೊಳೆದ ಮೇಲೆ ಪರಿಹಾರ ಸುಲಭವಾಯಿತು. ಹೊರಹೋಗುವ ದ್ವಾರವನ್ನು ಪೊರೆಯ ಪಕ್ಕಕ್ಕೇ ತಂದು ಕೂರಿಸಿದರು. ಅದೇ ವರ್ಷದ ಬೇಸಿಗೆಯಲ್ಲಿ ಕೂಸ್ತೋ ಮತ್ತು ಗೆಳೆಯರು ಫ್ರಾನ್ಸಿನ ದಕ್ಷಿಣ ಕರಾವಳಿಯ ಮೆಡಿಟರೇನಿಯನ್ನಿನಲ್ಲಿ ಅದನ್ನು ಹೊತ್ತು ಮುಳುಗಿದರು.

ಸುತ್ತಲಿನ ಒತ್ತಡದಲ್ಲೇ ಗಾಳಿ ಕೊಡುವ ಈ ಗುಣಕ್ಕೆ ಬೆಲೆಯೂ ಇದೆ. ಕಡಲಲ್ಲಿ ಹತ್ತು ಮೀಟರ್ ಇಳಿದರೆ, ನಮ್ಮ ಮೀನುಗಾರರ ಲೆಕ್ಕದಲ್ಲಿ ಐದೂವರೆ ಮಾರು, ಒತ್ತಡ ಎರಡು ಪಟ್ಟಾಗುತ್ತದೆ. ಎದೆಗೆ ಹಿಡಿಸುವ ಗಾತ್ರ ಅಷ್ಟೇ ಇದ್ದರೂ ಆ ಗಾತ್ರದಲ್ಲಿ ಈಗ ಎರಡು ಪಟ್ಟು ಗಾಳಿ. ನಿಮಿಷಕ್ಕೆ 20 ಲೀಟರ್ ಎಳೆಯುವವರಿಗೆ ಮೇಲ್ಮೈಯಲ್ಲಿ 110 ನಿಮಿಷ ಬರುವ ಸಿಲಿಂಡರ್ ಹತ್ತು ಮೀಟರಿನಲ್ಲಿ 55 ನಿಮಿಷಕ್ಕೆ, ಮೂವತ್ತು ಮೀಟರಿನಲ್ಲಿ ಇಪ್ಪತ್ತೇಳಕ್ಕೆ ಬರಿದು. ಕಾಲು ಭಾಗ ಉಳಿದಿರುವಾಗಲೇ ಮೇಲೆ ಬರಬೇಕೆಂಬ ಕಟ್ಟಳೆ ಬೇರೆ. ಹೆದರಿ ಏದುಸಿರು ಬಿಡುವವರಿಗೆ ಇದರ ಅರ್ಧವೂ ಸಿಗದು.

ಇನ್ನೊಂದು ಬೆಲೆ ಪ್ರಾಣದ್ದು. ಹತ್ತು ಮೀಟರಿನಲ್ಲಿ ಎದೆ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವಿದು, ನಮ್ಮ ಹೈಸ್ಕೂಲಿನ ಪಾಠದಲ್ಲೂ ಇದೆ. ಉಸಿರಾಡುತ್ತಲೇ ಏರಿದರೆ ಹೆಚ್ಚಾದ ಗಾಳಿ ತಾನಾಗಿ ಹೊರಹೋಗುತ್ತದೆ. ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶದ ಗೂಡುಗಳು ಹರಿದು, ಗಾಳಿ ರಕ್ತಕ್ಕೆ ನುಗ್ಗಿ ಮಿದುಳು ಸೇರಬಹುದು. ತುಂಬಿದ ಎದೆಗೆ ಒಂದೂವರೆ ಮೀಟರ್ ಏರಿಕೆಯೂ ಅಪಾಯವೇ. ಆಳವಿಲ್ಲದ ಕಡೆ ಹೆದರಿಕೆಯಿಲ್ಲ ಎಂದು ಜನ ತಿಳಿಯುತ್ತಾರೆ. ಗಾತ್ರ ಅತಿ ಬೇಗ ಹಿಗ್ಗುವುದು ಆ ಕೊನೆಯ ಕೆಲವು ಮೀಟರಿನಲ್ಲೇ. ಕೆರೆ ಬಾವಿಯಲ್ಲಿ ಈಜಿ ಬೆಳೆದವರು ನೀರಿನಡಿ ಉಸಿರು ಕಟ್ಟುವುದನ್ನೇ ಕಲಿತವರು, ಆ ಅಭ್ಯಾಸ ಇಲ್ಲಿ ತಿರುಗುಮುರುಗು. ಸೀಸನ್ನಿನಲ್ಲಿ ನೇತ್ರಾಣಿಗೆ ಬರುವವರಲ್ಲಿ ಈಜು ಬಾರದವರೂ ಇರುತ್ತಾರೆ, ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಬೋಟಿನ ಮೇಲಿನ ಪಾಠದಲ್ಲಿ ಕೈಸನ್ನೆಗಳಿಗೆ ಸಿಗುವಷ್ಟೇ ಒತ್ತು ಉಸಿರು ಬಿಗಿಹಿಡಿಯಬಾರದೆಂಬ ಈ ಒಂದು ಮಾತಿಗೂ ಸಿಗಲಿ ಎಂಬುದು ನನ್ನ ಆಸೆ. ಯಾಕೆಂಬುದು ತಿಳಿದವರು ಗಾಬರಿಯಲ್ಲೂ ಅದನ್ನು ಮರೆಯಲಾರರು.

ಹವಳಕ್ಕೂ ಈ ಉಸಿರಿಗೂ ಸಂಬಂಧವಿದೆ. ಎದೆಗೆ ಒಂದು ಲೀಟರ್ ಹೆಚ್ಚು ಗಾಳಿ ಎಳೆದುಕೊಂಡರೆ ನೀರು ಒಂದು ಕಿಲೋದಷ್ಟು ಮೇಲಕ್ಕೆತ್ತುತ್ತದೆ, ಬಿಟ್ಟರೆ ಅಷ್ಟೇ ಕೆಳಗಿಳಿಸುತ್ತದೆ. ಪರಿಣಾಮ ಒಂದೆರಡು ಕ್ಷಣ ತಡವಾಗಿ ತಿಳಿಯುತ್ತದೆ. ಆ ತಡವನ್ನು ಅರಿತವರು ಬಂಡೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಕೈಕಾಲು ಅಲ್ಲಾಡಿಸದೆ ನಿಲ್ಲಬಲ್ಲರು. ಅರಿಯದವರು ಫಿನ್ಸ್ ಬಡಿದು ಎತ್ತರ ಕಾಯ್ದುಕೊಳ್ಳಲು ಹೆಣಗುತ್ತಾರೆ, ಆ ಒದೆತ ಹವಳಕ್ಕೆ ಬೀಳುತ್ತದೆ. ಗುಂಡಗೆ ಬೆಳೆಯುವ ಪೊರೈಟಿಸ್ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಅಂಗೈ ಅಗಲದ ತುಂಡು ಮುರಿದರೆ ಮತ್ತೆ ಅಷ್ಟಾಗಲು ಹಲವು ವರ್ಷ ಬೇಕು, ಅದೂ ನೀರು ತಿಳಿಯಾಗಿದ್ದರೆ. ಕರ್ನಾಟಕದ ಕಡಲಿನಲ್ಲಿ ಹವಳವಿರುವ ತಾವುಗಳೇ ವಿರಳ. ಆದ್ದರಿಂದ ತೇಲುವುದನ್ನು ಈಜುಕೊಳದಲ್ಲಿ ಕಲಿತು ಬಂದವರಿಗೆ ಮಾತ್ರ ಬಂಡೆಯ ಹತ್ತಿರ ಹೋಗಲು ಬಿಡಬೇಕು, ಉಳಿದವರಿಗೆ ತುಸು ದೂರದಿಂದಲೇ ತೋರಿಸಬೇಕು. ಮೀನುಗಳು ಅಲ್ಲಿಂದಲೂ ಕಾಣುತ್ತವೆ.

ಕೊನೆಯದಾಗಿ ಸಾರಜನಕದ ಲೆಕ್ಕ. ಒತ್ತಡದ ಗಾಳಿ ಉಸಿರಾಡಿದಷ್ಟು ಹೊತ್ತು ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತಲೇ ಇರುತ್ತದೆ. ಬೇಗ ಮೇಲೇರಿದರೆ ಅದು ಮೈಯೊಳಗೇ ಗುಳ್ಳೆಯಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನನ್ನೂ ತರಬಹುದು. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದವರು ಹೇಗೆ ಮೇಲೇರಬೇಕೆಂಬ ಕೋಷ್ಟಕವನ್ನು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಪ್ರಕಟಿಸಿದ. ಈಗ ಮುಳುಗುವವರ ಮಣಿಕಟ್ಟಿನ ಪುಟ್ಟ ಕಂಪ್ಯೂಟರ್ ಅದನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ, ಮೇಲೆ ಬರುವ ಮುನ್ನ ಐದು ಮೀಟರಿನಲ್ಲಿ ಮೂರು ನಿಮಿಷ ತಂಗುವುದೂ ರೂಢಿಯಾಗಿದೆ. ಆದರೂ ದಡ ಸೇರಿದ ಮೇಲೆ ಗಂಟೆಗಟ್ಟಲೆ ಒಂದಷ್ಟು ಸಾರಜನಕ ಮೈಯಲ್ಲೇ ಇರುತ್ತದೆ. ಅದಕ್ಕೇ ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ ಕೊಡುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 600ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗುವ ಪ್ರಯಾಣಗಳಿಗೆ ಈ ಸಲಹೆ. ನಮ್ಮವರಿಗೆ ವಿಮಾನವೇ ಬೇಕಾಗಿಲ್ಲ. ಸಕಲೇಶಪುರ, ಬೆಂಗಳೂರು ಎರಡೂ ಸುಮಾರು 900 ಮೀಟರ್ ಎತ್ತರದಲ್ಲಿವೆ, ಮುರುಡೇಶ್ವರದಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಾಗುವುದರೊಳಗೆ ಆ ಎತ್ತರ ತಲುಪಿರುತ್ತಾರೆ. ಎರಡು ಮೂರು ಸಲ ಮುಳುಗಿದವರು ಆ ರಾತ್ರಿ ಕರಾವಳಿಯಲ್ಲೇ ತಂಗುವುದು ಲೇಸು. ಕೊನೆಯ ಮುಳುಗು ಮಧ್ಯಾಹ್ನ ಹನ್ನೆರಡಕ್ಕೆ ಮುಗಿದಿದ್ದರೆ 18 ಗಂಟೆ ತುಂಬುವುದು ಮರುದಿನ ಬೆಳಿಗ್ಗೆ ಆರಕ್ಕೆ.