ವಾಹನದ ಮೇಲಿನ ನೀರಿನ ಕಲೆ: ಕಾರಣ, ನಿವಾರಣೆ ಮತ್ತು ಲೆಕ್ಕಾಚಾರ

ವ್ಯಾಪಾರ ಹಾಗೂ ಕಿರು ಕೈಗಾರಿಕೆಗಳಲ್ಲಿ ತೊಡಗಿರುವ ನಮ್ಮ ಸದಸ್ಯರ ಪೈಕಿ ಒಂದಾದರೂ ಕಾರು ಅಥವಾ ಸರಕು ವಾಹನ ಇಲ್ಲದವರು ವಿರಳ. ಯಂತ್ರೋಪಕರಣಗಳ ನಿರ್ವಹಣೆಗೆ ನಾವು ಕೊಡುವ ಗಮನವನ್ನು ಈ ವಾಹನಗಳ ಹೊರಮೈಗೆ ಕೊಡುವುದಿಲ್ಲ. ಅದರ ಬೆಲೆ ತಿಳಿಯುವುದು ವಾಹನವನ್ನು ಮಾರುವ ದಿನ.

ನನ್ನ ಕಕ್ಷಿದಾರರಾದ ಒಬ್ಬ ಸಗಟು ವ್ಯಾಪಾರಸ್ಥರು ಐದು ವರ್ಷ ಬಳಸಿದ ಸಂಸ್ಥೆಯ ಕಾರನ್ನು ಮಾರಲು ಹೊರಟಿದ್ದರು. ಎಂಜಿನ್, ಟೈರು, ದಾಖಲೆ ಎಲ್ಲವೂ ಸರಿಯಾಗಿದ್ದವು. ಆದರೆ ಬಾನೆಟ್ಟು, ಛಾವಣಿ ಮತ್ತು ಗಾಜುಗಳ ತುಂಬ ಬಿಳಿಯ ಉಂಗುರಗಳು. ಕೊಳ್ಳಲು ಬಂದವರು ಅದೊಂದೇ ಕಾರಣ ಹೇಳಿ ಹದಿನೈದು ಸಾವಿರ ರೂಪಾಯಿ ಕಡಿಮೆ ಕೇಳಿದರು. "ದಿನವೂ ಬೆಳಿಗ್ಗೆ ತಪ್ಪದೆ ತೊಳೆಸುತ್ತಿದ್ದೆನಲ್ಲ ಸ್ವಾಮಿ, ಹೀಗೇಕಾಯಿತು?" ಎಂಬುದು ಅವರ ಅಳಲು. ದಿನವೂ ತೊಳೆಸಿದ್ದೇ ಕಾರಣವೆಂದು ತಿಳಿಸಿದಾಗ ಅವರು ಮೊದಲು ನಂಬಲಿಲ್ಲ. ಕಾವಲುಗಾರನು ಕೊಳವೆಬಾವಿಯ ನೀರನ್ನು ಎರಚಿ, ಒರೆಸದೆ, ಎಳೆಬಿಸಿಲಿಗೆ ಒಣಗಲು ಬಿಡುತ್ತಿದ್ದನು. ಸಾಲದೆಂಬಂತೆ, ಮಾರುವ ಮುನ್ನ ಸ್ನಾನಗೃಹ ತೊಳೆಯುವ ಆಸಿಡ್‌ನಿಂದ ಕಲೆ ತೆಗೆಯಲು ಹೋಗಿ, ಬಾಗಿಲಿನ ಕ್ರೋಮ್ ಪಟ್ಟಿಗಳೂ ಹೊಳಪು ಕಳೆದುಕೊಂಡಿದ್ದವು.

ಈ ನಷ್ಟ ಸಂಪೂರ್ಣವಾಗಿ ತಪ್ಪಿಸಬಹುದಾದದ್ದು. ಕಲೆಯ ಸ್ವರೂಪವನ್ನು ಅರಿತರೆ ಪರಿಹಾರ ಸುಲಭವೂ ಅಗ್ಗವೂ ಆಗಿದೆ.

ಕಲೆ ಎಂದರೇನು?

ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಲವಣಗಳು ಆವಿಯಾಗುವುದಿಲ್ಲ. ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಸುಣ್ಣದ ಪೊರೆಯೂ ಕಾರಿನ ಮೇಲಿನ ಬಿಳಿಯ ಉಂಗುರವೂ ಒಂದೇ ಜಾತಿಯವು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್, ನೀರು ಒಣಗುವಾಗ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಮಾರ್ಪಡುತ್ತದೆ. ಹೀಗೆ ಒಮ್ಮೆ ಗಟ್ಟಿಯಾದ ಈ ವಸ್ತು ಮತ್ತೆ ನೀರಿನಲ್ಲಿ ಕರಗುವುದು ಅತ್ಯಲ್ಪ: ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು 15 ಮಿಲಿಗ್ರಾಂ ಮಾತ್ರ. ಮರುದಿನ ಎಷ್ಟೇ ನೀರು ಹೊಯ್ದರೂ ಹಿಂದಿನ ದಿನದ ಕಲೆ ಹೋಗದಿರುವುದಕ್ಕೆ ಇದೇ ಕಾರಣ.

ಒಂದು ಸಣ್ಣ ಲೆಕ್ಕವನ್ನು ಗಮನಿಸೋಣ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 800 ಮಿಲಿಗ್ರಾಂ ಲವಣಾಂಶವಿದೆಯೆಂದೂ, ತೊಳೆದ ಬಳಿಕ ಕಾರಿನ ಮೈಮೇಲೆ ಕಾಲು ಲೀಟರ್ ನೀರು ಉಳಿಯುವುದೆಂದೂ ಇಟ್ಟುಕೊಳ್ಳೋಣ. ಒರೆಸದೆ ಬಿಟ್ಟರೆ ಪ್ರತಿ ತೊಳೆತಕ್ಕೆ 200 ಮಿಲಿಗ್ರಾಂ ಲವಣ ಮೈಮೇಲೆ ಜಮೆಯಾಗುತ್ತದೆ. ವರ್ಷಕ್ಕೆ 300 ದಿನ ತೊಳೆದರೆ ಇದು 60 ಗ್ರಾಂ. ಇದರಲ್ಲಿ ಅಡುಗೆ ಉಪ್ಪಿನಂಥ ಕರಗುವ ಭಾಗ ಮರುದಿನದ ನೀರಿಗೆ ಹೋದೀತು. ಸುಣ್ಣದ ಭಾಗ ಉಳಿದುಕೊಳ್ಳುತ್ತದೆ. ಖರ್ಚು ಬೀಳದೆ ಜಮೆಯೇ ಆಗುತ್ತಾ ಹೋಗುವ ಖಾತೆ ಇದು.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ, ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅನುಮತಿಯುಂಟು. ಇವು ಆರೋಗ್ಯ ಹಾಗೂ ಗೃಹಬಳಕೆಯ ದೃಷ್ಟಿಯ ಮಿತಿಗಳೇ ಹೊರತು ಬಣ್ಣದ ದೃಷ್ಟಿಯವಲ್ಲ. ಕುಡಿಯಲು ಯೋಗ್ಯವಾದ ನೀರೂ ಕಾರಿನ ಮೇಲೆ ಒಣಗಿದರೆ ಕಲೆ ಬಿಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಕಡೆ ಗಟ್ಟಿ ಶಿಲಾಪದರದ ಆಳದಿಂದ ಎತ್ತುವ ಕೊಳವೆಬಾವಿಯ ನೀರನ್ನು ಬಳಸುವವರು ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸತಕ್ಕದ್ದು.

ಕಲೆಯ ಮೂರು ಹಂತಗಳು

ಮೊದಲನೆಯದು, ಮೇಲ್ಮೈಯಲ್ಲಿ ಕುಳಿತ ಕಲೆ. ಬೆರಳಾಡಿಸಿದರೆ ತುಸು ಒರಟಾಗಿ ತೋರುತ್ತದೆ. ಇದನ್ನು ಕರಗಿಸಬಹುದು.

ಎರಡನೆಯದು, ಬಣ್ಣದ ಪದರವನ್ನು ಕೊರೆದ ಕಲೆ. ಬಿಸಿಲಿನ ಕಾವಿನಲ್ಲಿ ವಾರಗಟ್ಟಲೆ ಉಳಿದ ಲವಣವು, ಕೈಗಾರಿಕಾ ಪ್ರದೇಶದ ಹೊಗೆಧೂಳಿನ ಆಮ್ಲಾಂಶದೊಡನೆ ಸೇರಿ, ಮೇಲಿನ ಪಾರದರ್ಶಕ ಪದರದಲ್ಲಿ ಕುಳಿ ಮಾಡುತ್ತದೆ. ನೆಲಮಾಳಿಗೆಯ ಕಾಂಕ್ರೀಟ್ ಛಾವಣಿಯಿಂದ ತೊಟ್ಟಿಕ್ಕುವ ನೀರು ಇನ್ನೂ ಅಪಾಯಕಾರಿ. ಅದರಲ್ಲಿ ತೀಕ್ಷ್ಣವಾದ ಸುಣ್ಣದ ಕ್ಷಾರವಿರುವುದರಿಂದ ಬಲುಬೇಗ ಬಣ್ಣವನ್ನು ಕೆಡಿಸುತ್ತದೆ. ಇಲ್ಲಿ ಕರಗಿಸಲು ಏನೂ ಉಳಿದಿಲ್ಲ. ಸುತ್ತಲ ಪದರವನ್ನು ಉಜ್ಜಿ ಸಮ ಮಾಡಬೇಕಷ್ಟೆ.

ಮೂರನೆಯದು, ಗಾಜಿಗೆ ಅಂಟಿದ ಸಿಲಿಕಾ. ಅಂತರ್ಜಲದಲ್ಲಿರುವ ಸಿಲಿಕಾ ಗಾಜಿನ ಸ್ವಜಾತಿಯ ವಸ್ತುವಾದುದರಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ವಿನೆಗರ್, ನಿಂಬೆಗಳಿಗೆ ಜಗ್ಗುವುದಿಲ್ಲ. ಮುಂದಿನ ಗಾಜಿನ ಮೇಲೆ ಇಂತಹ ಕಲೆಗಳಿದ್ದರೆ ರಾತ್ರಿ ಎದುರು ವಾಹನದ ಬೆಳಕು ಚದುರಿ ಕಣ್ಣು ಕುಕ್ಕುತ್ತದೆ. ಆಗ ಇದು ಅಂದದ ಪ್ರಶ್ನೆಯಾಗಿ ಉಳಿಯದೆ ಚಾಲಕನ ಸುರಕ್ಷತೆಯ ಪ್ರಶ್ನೆಯಾಗುತ್ತದೆ.

ನಿವಾರಣೆಯ ಕ್ರಮ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯೇ ಇಲ್ಲಿಯ ಸೂತ್ರ. ಅತ್ಯಂತ ಸೌಮ್ಯ ವಿಧಾನದಿಂದ ಆರಂಭಿಸಿ, ಅದು ವಿಫಲವಾದಲ್ಲಿ ಮಾತ್ರ ಮುಂದಿನದಕ್ಕೆ ಹೋಗಬೇಕು. ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ಬೆಳಗುವ ನಮ್ಮ ಮನೆಗಳಿಗೆ ಹುಳಿಯ ಗುಣ ಹೊಸದೇನಲ್ಲ. ಸುಣ್ಣದ ಕಲೆಯನ್ನೂ ಹುಳಿಯೇ ಕರಗಿಸುತ್ತದೆ.

1. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ಟು ಸಂಪೂರ್ಣ ತಣ್ಣಗಾದ ಮೇಲೆ ಕೆಲಸ ಆರಂಭಿಸಬೇಕು. ಮೊದಲು ಧೂಳನ್ನು ನೀರು ಮತ್ತು ಕಾರ್ ಶಾಂಪೂವಿನಿಂದ ತೊಳೆಯಬೇಕು. ಧೂಳಿನ ಮೇಲೆ ಒಣಬಟ್ಟೆ ಹಾಕಿ ಉಜ್ಜಿದರೆ ಗೀರು ಬೀಳುವುದು ನಿಶ್ಚಿತ.

2. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 20 ಗ್ರಾಂ ನಿಂಬೆ ಉಪ್ಪು, ಅಂದರೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲ, ಬೆರೆಸಿದರೆ ಶೇಕಡಾ 2ರ ದ್ರಾವಣ ಸಿದ್ಧವಾಗುತ್ತದೆ. ಅದರ ಬದಲು ಅಡುಗೆಯ ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪ್ರಮಾಣದಲ್ಲಿ ಬೆರೆಸಿಯೂ ಬಳಸಬಹುದು. ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ಈ ಕೆಲಸಕ್ಕೆ ಸಾಕು. ಬ್ಯಾಟರಿ ಆಸಿಡ್ ಡಬ್ಬವನ್ನು ಮಾತ್ರ ಅಕಸ್ಮಾತ್ ಕೂಡ ಮುಟ್ಟಬಾರದು.

3. ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ ನೋಡಬೇಕು. ಬಳಿಕ ಮೆತ್ತನೆಯ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ, ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿಡಬೇಕು. ಒಣಗಲು ಬಿಡಬಾರದು. ಕಲೆ ಕರಗಲು ಬೇಕಾದದ್ದು ಸಮಯ, ಬಲವಲ್ಲ. ನಂತರ ಹಗುರವಾಗಿ ಒಂದೇ ದಿಕ್ಕಿಗೆ ಒರೆಸಬೇಕು.

4. ಒಂದೊಂದೇ ಭಾಗವನ್ನು ಮುಗಿಸಿ, ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಪೂರ್ಣ ಒಣಗಿಸಬೇಕು. ರಬ್ಬರ್ ಅಂಚು, ಕ್ರೋಮ್ ಮತ್ತು ಅಲ್ಯೂಮಿನಿಯಂ ಭಾಗಗಳಲ್ಲಿ ಹುಳಿ ಉಳಿಯಕೂಡದು.

5. ಹುಳಿಯು ಮೊದಲಿದ್ದ ಮೇಣದ ಲೇಪನವನ್ನೂ ಕ್ಷೀಣಿಸುವುದರಿಂದ, ಕೊನೆಯಲ್ಲಿ ಹೊಸದಾಗಿ ವ್ಯಾಕ್ಸ್ ಹಚ್ಚುವುದು ಅವಶ್ಯ.

ಎರಡು ಬಾರಿ ಹೀಗೆ ಮಾಡಿದರೂ ಬಣ್ಣದ ಮೇಲೆ ಕಲೆ ಉಳಿದರೆ ಅದು ಎರಡನೆಯ ಹಂತದ್ದೆಂದು ತಿಳಿಯಬೇಕು. ಆಗ ಪಾಲಿಶ್ ಮಾಡಿಸುವುದೊಂದೇ ದಾರಿ. ಇಲ್ಲಿ ಒಂದು ಮಾತು. ಮೇಲಿನ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿಗಿಂತಲೂ ತೆಳು. ಪ್ರತಿ ಪಾಲಿಶ್ ಇದರಲ್ಲಿ ಒಂದಂಶವನ್ನು ಸವೆಸುತ್ತದೆ. ಸವೆದದ್ದು ಮರಳಿ ಬಾರದು. ಹುಳಿಯಿಂದ ತೊಳೆಯುವುದು ದಿನಚರಿಯ ಖರ್ಚಾದರೆ, ಪಾಲಿಶ್ ಮಾಡಿಸುವುದು ಮೂಲಧನವನ್ನು ಕರಗಿಸಿದಂತೆ. ಆದುದರಿಂದ ಪಾಲಿಶ್ ಅಪರೂಪದ್ದಾಗಿರಲಿ, ಅನುಭವಿಗಳಿಂದಲೇ ಆಗಲಿ. ಹೊಳಪಿಲ್ಲದ ಮ್ಯಾಟ್ ಬಣ್ಣದ ವಾಹನಗಳಿಗಂತೂ ಪಾಲಿಶ್ ಸಲ್ಲದು.

ಗಾಜಿಗೂ ಮೊದಲು ಹುಳಿಯ ದ್ರಾವಣವನ್ನೇ ಪ್ರಯೋಗಿಸಬೇಕು. ಉಳಿದ ಸಿಲಿಕಾ ಕಲೆಗೆ ಸೀರಿಯಂ ಆಕ್ಸೈಡ್ ಇರುವ ಗಾಜಿನ ಪಾಲಿಶ್ ಬಳಸಬಹುದು. ಆದರೆ ಮುಂದಿನ ಗಾಜನ್ನು ಒಂದೇ ಕಡೆ ಅತಿಯಾಗಿ ಉಜ್ಜಿದರೆ ನೋಟ ವಕ್ರವಾಗುತ್ತದೆ. ಒಳಬದಿಯ ಫಿಲ್ಮ್ ಹಾಗೂ ಹಿಂಗಾಜಿನ ಒಳಗಿರುವ ಬಿಸಿ ತಂತಿಗಳ ಮೇಲೆ ಬ್ಲೇಡ್ ಆಗಲಿ ಪಾಲಿಶ್ ಆಗಲಿ ಕೂಡದು. ವೈಪರಿನ ರಬ್ಬರನ್ನೂ ಒರೆಸಿಡಬೇಕು. ಅದರಲ್ಲಿ ಸಿಕ್ಕಿಕೊಂಡ ಲವಣವು ಗಾಜಿನ ಮೇಲೆ ಉಜ್ಜುಕಾಗದದಂತೆ ವರ್ತಿಸುತ್ತದೆ.

ಮಾಡಬಾರದ್ದು

ಸ್ನಾನಗೃಹದ ಆಸಿಡ್ ಬಳಸಬಾರದು. ಹೈಡ್ರೋಫ್ಲೋರಿಕ್ ಆಮ್ಲವಿರುವ ಯಾವುದೇ ದ್ರಾವಣವನ್ನು ಹತ್ತಿರ ಸೇರಿಸಬಾರದು. ಅದು ಗಾಜನ್ನೇ ಕೊರೆಯುತ್ತದೆ, ಚರ್ಮದ ಮೂಲಕ ಒಳಗಿಳಿದು ಕೆಲಸಗಾರನ ಪ್ರಾಣಕ್ಕೂ ಸಂಚಕಾರ ತರಬಲ್ಲದು. ವಿನೆಗರ್ ಅಥವಾ ನಿಂಬೆ ಉಪ್ಪನ್ನು ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಪಾತ್ರೆ ತಿಕ್ಕುವ ಪುಡಿ ಮತ್ತು ನಾರು ಬಣ್ಣಕ್ಕೆ ಶತ್ರುಗಳು. ಕೆಲಸ ಮಾಡುವವರಿಗೆ ಕೈಗವಸು, ಕನ್ನಡಕ ಒದಗಿಸುವುದು ಮಾಲೀಕರ ಹೊಣೆ.

ಕೊನೆಯ ನೀರೇ ನಿರ್ಣಾಯಕ

ಕಲೆ ತೆಗೆಯುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಇದರ ರಹಸ್ಯ ಕೊನೆಯ ನೀರಿನಲ್ಲಿದೆ. ಧೂಳು ತೊಳೆಯಲು ಕೊಳವೆಬಾವಿಯ ನೀರಾದರೂ ಸರಿ. ಕೊನೆಯ ಒಂದೆರಡು ಲೀಟರ್ ಮಾತ್ರ ಲವಣರಹಿತ ನೀರಾಗಿರಬೇಕು, ಮತ್ತು ಒಣಗುವ ಮುನ್ನ ಒರೆಸಬೇಕು. ಇಂತಹ ನೀರು ನಮ್ಮ ಕಚೇರಿಗಳಲ್ಲೇ ವ್ಯರ್ಥವಾಗುತ್ತಿದೆ. ಹವಾನಿಯಂತ್ರಣ ಯಂತ್ರದ ಕೊಳವೆಯಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ತಂಪಾಗಿ ಆದದ್ದು. ಲವಣಾಂಶ ಇಲ್ಲವೆಂಬಷ್ಟು ಕಡಿಮೆ. ಅದನ್ನು ಸೋಸಿ ಸಂಗ್ರಹಿಸಿದರೆ ಸಾಕು. ಮೊದಲ ಮಳೆಯ ಕೊಳೆಯನ್ನು ಬಿಟ್ಟು ಹಿಡಿದ ಮಳೆನೀರೂ ಉತ್ತಮ.

ಇದಕ್ಕೆ ವಿರುದ್ಧವಾಗಿ, ಆರ್‌ಒ ಯಂತ್ರವು ಹೊರಹಾಕುವ ನೀರಿನಿಂದ ಕಾರು ತೊಳೆಯುವ ಪದ್ಧತಿ ವ್ಯಾಪಕವಾಗಿದೆ. ನೀರುಳಿಸುವ ಉದ್ದೇಶ ಶ್ಲಾಘನೀಯ. ಆದರೆ ಯಂತ್ರವು ಬೇರ್ಪಡಿಸಿದ ಲವಣವೆಲ್ಲ ಆ ನೀರಿನಲ್ಲೇ ಸೇರಿರುತ್ತದೆ. ಅದು ಮೂಲ ನೀರಿಗಿಂತಲೂ ಸಾಂದ್ರ. ನೆಲ ಒರೆಸಲು, ಟೈರು ತೊಳೆಯಲು ಬಳಸಿ, ಬಣ್ಣದ ಮೇಲೆ ಮಾತ್ರ ಒಣಗಲು ಬಿಡದಿರುವುದು ಕ್ಷೇಮ.

ಹತ್ತಾರು ವಾಹನಗಳುಳ್ಳವರು ನೀರು ಮೆದುಗೊಳಿಸುವ ಯಂತ್ರವನ್ನು ಪರಿಗಣಿಸಬಹುದು. ಅದು ಕ್ಯಾಲ್ಸಿಯಂ ಬದಲಿಗೆ ಸೋಡಿಯಂ ಸೇರಿಸುತ್ತದೆಯೇ ವಿನಾ ಒಟ್ಟು ಲವಣಾಂಶವನ್ನು ತಗ್ಗಿಸುವುದಿಲ್ಲ. ಕಲೆ ಬಂದೀತು, ಆದರೆ ಒದ್ದೆ ಬಟ್ಟೆಗೇ ಹೋಗುವಂಥದ್ದು. ಸೆರಾಮಿಕ್ ಲೇಪನ ಮಾಡಿಸಿದವರೂ ಒರೆಸುವುದನ್ನು ಬಿಡುವಂತಿಲ್ಲ. ಲೇಪನದ ಮೇಲೆ ನಿಂತ ಹನಿಯೂ ಒಣಗಿದರೆ ಕಲೆಯೇ.

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಪಡಿಸಿದ್ದನ್ನು ಸದಸ್ಯರು ಸ್ಮರಿಸಬಹುದು. ಪ್ರತಿದಿನ ನೀರು ಎರಚುವುದರ ಬದಲು ಮೆತ್ತನೆಯ ಕುಚ್ಚಿನಿಂದ ಧೂಳು ಝಾಡಿಸಿ, ವಾರಕ್ಕೊಮ್ಮೆ ಎರಡು ಬಕೆಟ್ ನೀರಿನಲ್ಲಿ ಕ್ರಮವಾಗಿ ತೊಳೆದರೆ ನೀರೂ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ.

ಲೆಕ್ಕಪತ್ರದ ದೃಷ್ಟಿ

ವ್ಯವಹಾರಕ್ಕೆ ಬಳಸುವ ವಾಹನದ ತೊಳೆತ, ಪಾಲಿಶ್‌ಗಳ ವೆಚ್ಚ ಚಾಲ್ತಿ ದುರಸ್ತಿಗೆ ಸೇರುವುದು. ಅದನ್ನು ವಾಹನದ ಮೌಲ್ಯಕ್ಕೆ ಕೂಡಿಸಬಾರದು. ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ, 2017ರ ಕೇಂದ್ರ ಕಾಯಿದೆಯ 17(5)ನೇ ಕಲಮಿನ ಮೇರೆಗೆ, ಚಾಲಕನೂ ಸೇರಿ 13ಕ್ಕೆ ಮೀರದ ಆಸನಗಳುಳ್ಳ ಪ್ರಯಾಣಿಕ ವಾಹನಗಳ ದುರಸ್ತಿ ಮತ್ತು ನಿರ್ವಹಣಾ ಸೇವೆಗಳ ಮೇಲೆ ತೆತ್ತ ತೆರಿಗೆಗೆ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಾಣಿಕೆ, ಚಾಲನಾ ತರಬೇತಿಗಳಂತಹ ವ್ಯವಹಾರಗಳಿಗೆ ವಿನಾಯಿತಿಯುಂಟು. ಸರಕು ಸಾಗಿಸುವ ವಾಹನಗಳಿಗೆ ಈ ನಿರ್ಬಂಧವಿಲ್ಲ. ಅಂದರೆ ಸಂಸ್ಥೆಯ ಕಾರಿಗೆ ಪಾಲಿಶ್ ಮಾಡಿಸಿದಾಗ ತೆರಿಗೆಯ ಭಾಗವೂ ನಮ್ಮ ಜೇಬಿನಿಂದಲೇ ಹೋಗುತ್ತದೆ. ಇಪ್ಪತ್ತು ಗ್ರಾಂ ನಿಂಬೆ ಉಪ್ಪಿನಿಂದ ಆಗುವ ಕೆಲಸವನ್ನು ಅಲ್ಲಿಯವರೆಗೆ ಬೆಳೆಯಲು ಬಿಡುವುದು ವ್ಯವಹಾರ ಜಾಣ್ಮೆಯಲ್ಲ.

ಮೇಲೆ ಹೇಳಿದ ವ್ಯಾಪಾರಸ್ಥರು ಕೊನೆಗೆ ಕಡಿಮೆ ಬೆಲೆಗೇ ಕಾರನ್ನು ಕೊಟ್ಟರು. ಅವರ ಹೊಸ ಕಾರಿನ ಪಕ್ಕದಲ್ಲಿ ಈಗ ಕಾವಲುಗಾರನ ಕೈಗೆ ಎರಡು ವಸ್ತುಗಳಿವೆ: ಹವಾನಿಯಂತ್ರಣ ಯಂತ್ರದ ನೀರು ತುಂಬಿದ ಒಂದು ಡಬ್ಬ, ಒಂದು ಒಣ ಬಟ್ಟೆ. ಸದಸ್ಯ ಬಾಂಧವರೂ ತಮ್ಮ ವಾಹನವನ್ನು ಯಾವ ನೀರಿನಿಂದ ತೊಳೆಯಲಾಗುತ್ತಿದೆ, ತೊಳೆದ ಮೇಲೆ ಯಾರಾದರೂ ಒರೆಸುತ್ತಿದ್ದಾರೆಯೇ ಎಂಬುದನ್ನು ನಾಳೆ ಬೆಳಿಗ್ಗೆ ಒಮ್ಮೆ ಖುದ್ದಾಗಿ ನಿಂತು ನೋಡುವುದು ಒಳಿತು.